ಜಾಡಿ ಕಾರ್ಖಾನೆಯ ಮಧ್ಯಾಹ್ನದ ನಿದ್ದೆ

ನಮ್ಮೂರಿಗೆ ಬಂದ ನೆಂಟರಿಗೆ ಹೊಟ್ಟೆ ಬಿರಿಯುವಷ್ಟು ಊಟ ಹಾಕುತ್ತೇವೆ, ಎಲೆ ಅಡಿಕೆ ಕೊಡುತ್ತೇವೆ, ಹೊರಟು ನಿಂತರೆ ಕಣ್ಣೀರೂ ಹಾಕುತ್ತೇವೆ. ಒಳಗೆ ಮಲಗಲು ಮಾತ್ರ ಬಿಡುವುದಿಲ್ಲ. ಅಂಗಳದಲ್ಲಿ ಹಾಸಿಕೊಡುತ್ತೇವೆ, ಮಳೆ ಬಂದರೆ ಕೊಡೆ ಕೊಡುತ್ತೇವೆ. ಹೊರಗಿನವರು ಇದನ್ನು ಜಿಪುಣತನ ಅಂದುಕೊಂಡು ಹೋಗುತ್ತಾರೆ, ಹೋಗಲಿ. ಒಂದೇ ಸೂರಿನಡಿ ಮಲಗಿ ಎದ್ದರೆ ಒಬ್ಬರ ಕೈಯಲ್ಲಿರುವ ಕೆಲಸ ಇನ್ನೊಬ್ಬರ ಕೈಗೂ ಬಂದುಬಿಡುತ್ತದೆ ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಸೋದರತ್ತೆ ಒಮ್ಮೆ ಕರುಣೆಯಿಂದ ಬಳೆಗಾರ್ತಿಯೊಬ್ಬಳನ್ನು ನಡುಮನೆಯಲ್ಲಿ ಮಲಗಿಸಿಕೊಂಡಳು. ಬೆಳಗಾಗೆದ್ದ ಅತ್ತೆ ಎಂಥ ಬಿರುಸು ಕೈಗೂ ನೋವಾಗದಂತೆ ಬಳೆ ತೊಡಿಸಬಲ್ಲವಳಾದಳು, ಅದು ಸರಿ. ಆದರೆ ಬಳೆಗಾರ್ತಿ ಅತ್ತೆಯ ಹೋಳಿಗೆ ತಟ್ಟುವ ಕೈಯನ್ನು ಹೊತ್ತುಕೊಂಡು ಹೋಗಿ ಪಕ್ಕದ ಊರಿನಲ್ಲಿ ಅಂಗಡಿಯನ್ನೇ ಇಟ್ಟಳು. ಅತ್ತೆಯ ಹೋಳಿಗೆ ಕೆಡಲಿಲ್ಲ, ಕೊಟ್ಟವರ ಕೈ ಬರಿದಾಗುವುದಿಲ್ಲ, ಆದರೂ ಅತ್ತೆ ಸಾಯುವವರೆಗೆ ಆ ಬಳೆಗಾರ್ತಿಯನ್ನು ಬೈಯುತ್ತಲೇ ಇದ್ದಳು. ಇನ್ನು ನಮ್ಮ ಶಾಲೆಯ ಮೇಷ್ಟರ ಕಥೆ. ಛತ್ರದಲ್ಲಿ ಯಾರೋ ಜೇಬುಗಳ್ಳನ ಪಕ್ಕ ಮಲಗಿ ಎದ್ದ ಅವರು, ಮಾರನೆಯ ದಿನ ಸಂತೆಯಲ್ಲಿ ತಮ್ಮ ಕೈ ತಾನಾಗಿ ಪಕ್ಕದವರ ಜೇಬಿಗೆ ಇಳಿದದ್ದನ್ನು ನೋಡಿ ಅಲ್ಲೇ ಕುಸಿದು ಕೂತು ಅತ್ತರು. ಅಂದಿನಿಂದ ನಮ್ಮೂರ ಛತ್ರಕ್ಕೆ ಸೂರೇ ಇಲ್ಲ.

ನಾನು ಮಂದಾಕಿನಿ, ಇಲ್ಲಿಯ ಜಾಡಿ ಕಾರ್ಖಾನೆಯ ಮ್ಯಾನೇಜರು. ಮೇಲೆ ಕಂದು, ಕೆಳಗೆ ಬಿಳಿ ಇರುವ ಉಪ್ಪಿನಕಾಯಿ ಜಾಡಿ ನಿಮ್ಮ ಅಡಿಗೆಮನೆಯಲ್ಲೂ ಇದ್ದೀತು. ಅದು ಸೋರದಿದ್ದರೆ ನಮ್ಮದಲ್ಲ ಎಂದು ಆಗಿನ ಕಾಲಕ್ಕೆ ಧೈರ್ಯವಾಗಿ ಹೇಳಬಹುದಿತ್ತು. ನಮ್ಮಲ್ಲಿ ಮೂರು ಶೆಡ್ಡುಗಳು. ಮೂರರಲ್ಲೂ ಮಣ್ಣು ನಾದುವುದರಿಂದ ಹಿಡಿದು ಮೆರುಗಿನ ನೀರಿನಲ್ಲಿ ಅದ್ದುವವರೆಗೆ ಎಲ್ಲ ಕೆಲಸವೂ ನಡೆಯುತ್ತದೆ. ಸುಡುವುದಕ್ಕೆ ಮಾತ್ರ ಎಲ್ಲರಿಗೂ ಒಂದೇ ಭಟ್ಟಿ. ಕೆಳಗಿನ ಶೆಡ್ಡಿನವರು ನಾದಿದ ಮಣ್ಣಿನಲ್ಲಿ ಒಂದು ಗಾಳಿಗುಳ್ಳೆ ಉಳಿಯುತ್ತಿರಲಿಲ್ಲ, ಆದರೆ ಅವರ ಮುಚ್ಚಳ ಅವರ ಜಾಡಿಗೇ ಕೂರುತ್ತಿರಲಿಲ್ಲ. ನಡುವಿನ ಶೆಡ್ಡಿನವರ ಮುಚ್ಚಳ ಹಾಕಿದರೆ ಇರುವೆಗೂ ದಾರಿ ಇಲ್ಲ, ಆದರೆ ಅವರ ಮೆರುಗು ಮೂಗಿನ ಸಿಂಬಳದಂತೆ ಇಳಿದು ನಿಲ್ಲುತ್ತಿತ್ತು. ಮೇಲಿನ ಶೆಡ್ಡಿನವರ ಮೆರುಗಿನಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಿತ್ತು, ಆದರೆ ಅವರ ಮಣ್ಣಿನಲ್ಲಿದ್ದ ಗಾಳಿ ಭಟ್ಟಿಯೊಳಗೆ ಪಟಾಕಿ ಹೊಡೆಯುತ್ತಿತ್ತು. ಜಾಡಿ ನೋಡಿದ ಕೂಡಲೇ ಯಾವ ಶೆಡ್ಡಿನದೆಂದು ಊರಿನ ಯಾರು ಬೇಕಾದರೂ ಹೇಳುತ್ತಿದ್ದರು. ಅದರ ಐಬು ನೋಡಿದರೆ ಸಾಕಿತ್ತು. ಕಾರ್ಖಾನೆಯ ಹಿಂದೆ ಒಡಕಿನ ಗುಡ್ಡೆ ಕಾರ್ಖಾನೆಗಿಂತ ಎತ್ತರವಾಗಿ, ಅದರ ಮೇಲೆ ಆಡುಗಳು ಹತ್ತಿ ನಿಂತಿರುತ್ತಿದ್ದವು.

ಒಬ್ಬರದು ಇನ್ನೊಬ್ಬರಿಗೆ ಬರಬಾರದೇ ಅಂದರೆ, ಬಾರದಂತೆ ನೋಡಿಕೊಳ್ಳುವುದೇ ಇಲ್ಲಿಯ ಮರ್ಯಾದೆ. ಒಂದೊಂದು ಶೆಡ್ಡಿನವರಿಗೆ ಒಂದೊಂದು ಬೀದಿ. ಹೆಣ್ಣು ತರುವುದು ಕೊಡುವುದು ಆ ಬೀದಿಯೊಳಗೇ. ಮಧ್ಯಾಹ್ನ ಉಂಡ ಮೇಲೆ ಕಣ್ಣು ಮುಚ್ಚುವುದೂ ತಂತಮ್ಮ ಶೆಡ್ಡಿನಲ್ಲೇ, ಬಾಗಿಲಿಗೆ ಒಳಗಿಂದ ಅಗುಳಿ ಹಾಕಿಕೊಂಡು. ಇವಳು ಬೇರೆ ಸೂರಿನಡಿ ಮಲಗಿದಳು ಅನ್ನುವುದಕ್ಕಿಂತ ಕೆಟ್ಟ ಮಾತು ನಮ್ಮೂರಲ್ಲಿಲ್ಲ. ಮ್ಯಾನೇಜರಂತೂ ಯಾವ ಶೆಡ್ಡಿಗೂ ಸೇರಬಾರದು, ಹಾಗಾಗಿ ಒಂಟಿಯಾಗಿಯೇ ಮಲಗಬೇಕು. ಹನ್ನೆರಡು ವರ್ಷದಿಂದ ನಾನು ಭಟ್ಟಿಯ ಪಕ್ಕದ ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಮಲಗಿ ಒಬ್ಬಳೇ ಏಳುತ್ತಿದ್ದೆ. ಅಭ್ಯಾಸವಾಗಿತ್ತು ಎಂದು ಹೇಳಿಕೊಳ್ಳುತ್ತಿದ್ದೆ, ಆಗಿರಲಿಲ್ಲ.

ಯುಗಾದಿ ಇನ್ನೂ ದೂರವಿದ್ದಾಗ ಯಜಮಾನರು ಬಂದರು. ಶಿವಮಲ್ಲಪ್ಪನವರು ಪೇಟೆಯಲ್ಲಿರುವವರು, ಕಾರ್ಖಾನೆಗೆ ವರ್ಷಕ್ಕೊಮ್ಮೆ ಕಾಲಿಡುವವರು. ಒಡಕಿನ ಗುಡ್ಡೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, ನನ್ನ ಕುರ್ಚಿಯಲ್ಲೇ ಕೂತು ಹೇಳಿದರು.

“ನೋಡಮ್ಮ ಮಂದಾಕಿನಿ, ಇದು ಜಾಡಿ ಕಾರ್ಖಾನೆನೋ ಒಡಕು ಬೋಕಿ ಕಾರ್ಖಾನೆನೋ ನಂಗೆ ತಿಳೀತಿಲ್ಲ. ಮಾವಿನಕಾಯಿ ಕಾಲಕ್ಕೆ ಮತ್ತೆ ಬತ್ತೀನಿ. ಯಾವ ಶೆಡ್ ಚೆನ್ನಾಗ್ ಮಾಡ್ತದೋ ಅದೊಂದು ಇರ್ಲಿ. ಮಿಕ್ಕ ಎರಡಕ್ಕೂ ಬೀಗ.”

“ಯಜಮಾನ್ರೇ, ಎರಡು ಶೆಡ್ ಅಂದ್ರೆ ಎರಡು ಬೀದಿ.”

“ಹೌದು. ಅದಕ್ಕೇ ಆರಿಸೋ ಕೆಲಸ ನಿಂಗೆ ಬಿಟ್ಟಿದೀನಿ. ನಂಗೆ ಅವರ ಮುಖ ಗೊತ್ತಿಲ್ಲ.”

ನನಗೆ ಎಲ್ಲರ ಮುಖವೂ ಗೊತ್ತಿತ್ತು. ಅಂದು ಸಂಜೆ ಮೂರು ಬೀದಿಯಲ್ಲೂ ನಡೆದು ಬಂದೆ. ಯಾವುದನ್ನೂ ಮುಚ್ಚಿಸುವುದಿಲ್ಲ ಎಂದು ಅಲ್ಲೇ ನಿರ್ಧಾರ ಮಾಡಿದೆ. ಹೇಗೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಯಜಮಾನರು ಸುಮ್ಮನಿರಲಾರದೆ ಒಬ್ಬ ತಜ್ಞರನ್ನೂ ಕಳಿಸಿದರು. ಪಾಪ, ಒಳ್ಳೆಯ ಮನುಷ್ಯ. ಗೋಡೆಗೆ ಬಣ್ಣದ ಚಿತ್ರಪಟ ಅಂಟಿಸಿ, ಒಂದು ಶೆಡ್ಡಿನ ಒಳ್ಳೆಯ ಪದ್ಧತಿಯನ್ನು ಇನ್ನೊಂದು ಶೆಡ್ಡು ಕಲಿತರೆ ಇಡೀ ಕಾರ್ಖಾನೆ ಮೇಲೇಳುತ್ತದೆ ಎಂದು ವಿವರಿಸಿದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆಮೇಲೆ ಮೂವರು ಮೇಸ್ತ್ರಿಗಳನ್ನೂ ಕರೆದು, ನಿಮ್ಮ ನಿಮ್ಮ ಗುಟ್ಟು ಹೇಳಿ ಅಂದರು. ಮೇಲಿನ ಶೆಡ್ಡಿನ ಬೋರಲಿಂಗಯ್ಯ ಮೀಸೆ ತಿರುವಿ, “ಗುಟ್ಟೆಂಥದು ಸೋಮಿ, ಎಲ್ಲಾ ಆ ಮಾದೇವನ ದಯೆ” ಅಂದ. ನಡುವಿನ ಶೆಡ್ಡಿನ ಕೆಂಚವ್ವ, “ಮುಚ್ಚಳ ಅದರ ಪಾಡಿಗೆ ಕೂರ್ತದೆ, ನಾವೇನ್ ಕುತ್ಗೆ ಹಿಡ್ದು ಕೂರಿಸ್ತೀವಾ?” ಅಂದಳು. ಕೆಳಗಿನ ಶೆಡ್ಡಿನ ಹಲಗಪ್ಪ ಕೆಮ್ಮಿದ, ಅಷ್ಟೇ. ತಜ್ಞರು ಅದನ್ನೆಲ್ಲ ಬರೆದುಕೊಂಡು, ಅಂಗಳದಲ್ಲಿ ಕೊಡೆ ಹಿಡಿದು ಮಲಗಿ, ಬೆಳಗಿನ ಬಸ್ಸಿಗೆ ಹೊರಟುಹೋದರು.

ನನಗೆ ರೇಗಿತು. ರೇಗಿದರೆ ಬೆರಳಿನ ನೆಟಿಗೆ ಮುರಿಯುವುದು ನನ್ನ ಚಟ. ಹತ್ತೂ ಬೆರಳು ಮುರಿದು ಒಂದು ಹುಕುಂ ಹೊರಡಿಸಿದೆ. ಮೂರು ಶೆಡ್ಡಿನಿಂದಲೂ ಇಬ್ಬಿಬ್ಬರು ಬಂದು, ಉಂಡ ಮೇಲೆ ಕಚೇರಿಯ ಕೋಣೆಯಲ್ಲಿ ಒಟ್ಟಿಗೆ ಮಲಗಬೇಕು. ಯಾರೂ ಎದುರಾಡಲಿಲ್ಲ, ಅದೇ ನನಗೆ ಆಶ್ಚರ್ಯ. ನನ್ನ ಮಾತಿಗೆ ಇಷ್ಟು ಬೆಲೆಯೇ ಎಂದು ಬೀಗಿದೆ. ಹೇಳಿದ ಹೊತ್ತಿಗೆ ಸರಿಯಾಗಿ ಆರು ಜನ ಚಾಪೆ ಹಿಡಿದು ಬಂದರು, ನಾನು ಅವರ ಮುಖ ನೋಡಿದೆ, ಬೀಗಿದ್ದು ಇಳಿಯಿತು. ಮೂವರು ಮೇಸ್ತ್ರಿಗಳಿಗೂ ಒಂದೇ ಬುದ್ಧಿ ಹೊಳೆದಿತ್ತು. ತಮ್ಮ ಕಡೆಯಿಂದ ಏನೂ ಹೋಗಬಾರದು, ಅವರದ್ದೆಲ್ಲ ಬರಬೇಕು ಎಂದು, ಪ್ರತಿಯೊಬ್ಬರೂ ತಮ್ಮ ಶೆಡ್ಡಿನ ಅತಿ ದಡ್ಡ ಕೈಗಳನ್ನು ಕಳಿಸಿಕೊಟ್ಟಿದ್ದರು. ಒಬ್ಬ ಎತ್ತಿದ್ದನ್ನೆಲ್ಲ ಬೀಳಿಸುವವನು, ಒಬ್ಬಳು ಅದ್ದಿದ ಜಾಡಿಯನ್ನು ಅಲ್ಲೇ ಮರೆಯುವವಳು, ಒಬ್ಬ ಕೆಲಸದ ನಡುವೆ ತೊಡೆ ಕೆರೆದುಕೊಳ್ಳುವವನು, ಹೀಗೆ. ಆರೂ ಜನ ಸುಖವಾಗಿ ಗೊರಕೆ ಹೊಡೆದು ಎದ್ದರು. ಮಾರನೆಯ ದಿನದಿಂದ ಆರೂ ಜನ ಬೀಳಿಸುತ್ತಿದ್ದರು, ಮರೆಯುತ್ತಿದ್ದರು, ತೊಡೆ ಕೆರೆದುಕೊಳ್ಳುತ್ತಿದ್ದರು. ಆ ವಾರ ಒಡಕಿನ ಗುಡ್ಡೆ ಇನ್ನಷ್ಟು ಬೆಳೆಯಿತು, ಹುಕುಂ ವಾಪಸ್ ತೆಗೆದುಕೊಂಡೆ.

ಇಷ್ಟರಲ್ಲಿ ಕೆಳಗಿನ ಶೆಡ್ಡಿನ ನಾಗವೇಣಿಯ ವಿಷಯ ಎದ್ದಿತು. ನಾಗವೇಣಿ ದೀಪಾವಳಿಯ ಹೊತ್ತಿಗೆ ಬಾಣಂತಿತನ ಮುಗಿಸಿ ಕೆಲಸಕ್ಕೆ ಬಂದ ಹೆಂಗಸು, ಮಾತು ಕಡಿಮೆ, ದಿಟ್ಟೆ. ಒಂದು ಬೆಳಿಗ್ಗೆ ಭಟ್ಟಿ ಬಿಚ್ಚಿದಾಗ ಅವಳ ಸಾಲಿನ ಜಾಡಿಗಳು ಒಂದೂ ಒಡೆಯದೆ ನಿಂತಿದ್ದವು. ಬೆರಳಿನಿಂದ ತಟ್ಟಿದರೆ ಗಂಟೆಯ ನಾದ. ಮುಚ್ಚಳ ನಡುವಿನ ಶೆಡ್ಡಿನದರಂತೆ ಕೂತಿತ್ತು. ಮೆರುಗಿನಲ್ಲಿ ನನ್ನ ಬಾಯಿ ಬಿಟ್ಟ ಮುಖ ಕಾಣುತ್ತಿತ್ತು. ನಾನು ಕುಣಿದಾಡುವುದೊಂದು ಬಾಕಿ. ಅಷ್ಟರಲ್ಲಿ ಬೋರಲಿಂಗಯ್ಯ ಆ ಜಾಡಿ ಎತ್ತಿ ನೋಡಿ ಕೆಂಪಗಾದ.

“ಇದು ನಮ್ ಶೆಡ್ಡಿನ ಅದ್ದು. ಇವ್ಳಿಗೆ ಹೆಂಗ್ ಬಂತು?” ಎಂದು ಕೇಳಿದ. ಎಲ್ಲರೂ ನಾಗವೇಣಿಯನ್ನು ನೋಡಿದರು. “ನಂಗೊತ್ತಿಲ್ಲ. ಕೈಗೆ ಬಂತು, ಮಾಡ್ದೆ” ಅಂದಳು ಅವಳು. ಇದಕ್ಕಿಂತ ಕೆಟ್ಟ ಉತ್ತರ ನಮ್ಮೂರಲ್ಲಿ ಇನ್ನೊಂದಿಲ್ಲ. ಮಧ್ಯಾಹ್ನದೊಳಗೆ ಮೂರು ಬೀದಿಗೂ ಸುದ್ದಿ ಹರಡಿತು: ನಾಗವೇಣಿ ಕದ್ದು ಹೋಗಿ ಮೇಲಿನ ಶೆಡ್ಡಿನ ಸೂರಿನಡಿ ಮಲಗಿದ್ದಾಳೆ, ನಡುವಿನದನ್ನೂ ಬಿಟ್ಟಿಲ್ಲ. ಅವಳ ಶೆಡ್ಡಿನವರೇ ಅವಳ ಪಕ್ಕ ಕೂತು ಉಣ್ಣಲಿಲ್ಲ. ಬೋರಲಿಂಗಯ್ಯ ನನ್ನ ಮೇಜಿನ ಮುಂದೆ ನಿಂತು, ಮಾರನೆಯ ದಿನ ಎಲ್ಲರ ಎದುರು ವಿಚಾರಣೆ ನಡೆಸಿ ಅವಳನ್ನು ಕೆಲಸದಿಂದ ತೆಗೆಯಲೇಬೇಕು, ಇಲ್ಲದಿದ್ದರೆ ತನ್ನ ಶೆಡ್ಡಿನವರು ಕೈ ಕಟ್ಟಿ ಕೂರುತ್ತಾರೆ ಎಂದ. ಹಲಗಪ್ಪನೂ ತಲೆ ತಗ್ಗಿಸಿ, “ತೆಗ್ದಾಕ್ಬಿಡಿ ಮಂದಕ್ಕ. ನಮ್ ಶೆಡ್ಡಿನ ಮಾನ ಹೋಯ್ತು” ಅಂದ. ಭಟ್ಟಿಯಿಂದ ಇಷ್ಟು ವರ್ಷಕ್ಕೆ ಬಂದ ಒಳ್ಳೆಯ ಸಾಲು ಅದೊಂದೇ, ಅದನ್ನು ಮಾಡಿದವಳನ್ನೇ ಹೊರಗೆ ಹಾಕಬೇಕಂತೆ!

ನಾನು ಸಮಾಧಾನ ಹೇಳಲು ನಾಗವೇಣಿಯನ್ನು ಹುಡುಕಿಕೊಂಡು ಹೋದೆ. ಅವಳು ಕೂಸಿನ ಮನೆಯಲ್ಲಿದ್ದಳು. ಇದೊಂದನ್ನು ಹೇಳಬೇಕು. ಮೊದಲೆಲ್ಲ ಹೆಂಗಸರು ಕೂಸುಗಳನ್ನು ಆಯಾ ಶೆಡ್ಡಿನಲ್ಲೇ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದರು, ಮಣ್ಣಿನ ಧೂಳಿಗೆ ಅವು ಕೆಮ್ಮುತ್ತಿದ್ದವು. ಅದಕ್ಕೆ ಕಳೆದ ದೀಪಾವಳಿಯಲ್ಲಿ ನಾನು ಹುಲ್ಲು ತುಂಬುತ್ತಿದ್ದ ಗೋದಾಮನ್ನು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಸಾಲಾಗಿ ತೊಟ್ಟಿಲು ಹಾಕಿಸಿ, ಚೌಡಮ್ಮನೆಂಬ ಮುದುಕಿಯನ್ನು ನೋಡಿಕೊಳ್ಳಲು ಇಟ್ಟಿದ್ದೆ. ಮೂರೂ ಶೆಡ್ಡಿನ ಕೂಸುಗಳು ಅಲ್ಲೇ ಮಲಗುತ್ತಿದ್ದವು. ಯಾರೂ ಬೇಡ ಅನ್ನಲಿಲ್ಲ. ತಾನಾಗಿ ತುತ್ತು ಎತ್ತಿ ಬಾಯಿಗಿಡದ ಕೂಸಿಗೆ ಕೈ ಎಲ್ಲಿಂದ ಬರಬೇಕು ಎಂದು ನಮ್ಮೂರವರ ಲೆಕ್ಕ. ನನ್ನದೂ ಅದೇ ಲೆಕ್ಕವಾಗಿತ್ತು.

ನಾಗವೇಣಿ ಗೋಡೆಗೊರಗಿ ಕೂತಿದ್ದಳು, ಅಳುತ್ತಿರಲಿಲ್ಲ. ಅವಳ ಕೂಸು ಮುಂದೆ ನೀರಿನ ಬೋಗುಣಿ ಇಟ್ಟುಕೊಂಡು ಮರದ ಬಟ್ಟಲನ್ನು ಅದ್ದುತ್ತಿತ್ತು. ಬಟ್ಟಲನ್ನು ಓರೆ ಮಾಡಿ ಇಳಿಸಿತು, ಮೆಲ್ಲಗೆ ಅರ್ಧ ಸುತ್ತು ತಿರುಗಿಸಿತು, ಎತ್ತಿ, ಕೊನೆಯ ಹನಿ ಬೀಳುವವರೆಗೆ ಕಾದಿತು. ಆಮೇಲೆ ಮತ್ತೆ ಅದ್ದಿತು. ಅದು ಮೇಲಿನ ಶೆಡ್ಡಿನ ಅದ್ದು! ಬಾಗಿಲಾಚೆ ನಿಂತು ಕದ್ದು ನೋಡಿದ್ದೇನೆ, ನನಗೆ ಗೊತ್ತು. ಪಕ್ಕದಲ್ಲಿ ಬೋರಲಿಂಗಯ್ಯನ ಮೊಮ್ಮಗ, ಆಡಲು ಕೊಟ್ಟ ರಾಗಿ ಹಿಟ್ಟಿನ ಉಂಡೆಯನ್ನು ಮಡಚಿ, ತಿರುಗಿಸಿ, ಪುಟ್ಟ ಅಂಗೈಯ ಬುಡದಿಂದ ಒತ್ತುತ್ತಿದ್ದ. ಮತ್ತೆ ಮಡಚಿ, ತಿರುಗಿಸಿ, ಒತ್ತಿದ. ಅದು ಕೆಳಗಿನ ಶೆಡ್ಡಿನವರು ಮಣ್ಣು ನಾದುವ ರೀತಿ.

“ಚೌಡಮ್ಮ, ಇವು ಯಾವಾಗಿಂದ ಹಿಂಗ್ ಆಡ್ತಾವೆ?”

“ಅಯ್ಯೋ, ಎಲ್ಲವೂ ಹಂಗೇ ಕಣವ್ವ. ಒಂದು ಮುಚ್ಚಳ ಕೊಟ್ರೆ ಸಾಕು, ತಿರುವಿ ತಿರುವಿ ನೋಡ್ತವೆ. ನಾನು ಹೇಳ್ಬೇಕಿತ್ತಾ?”

ಹೇಳಬೇಕಿತ್ತು ಎಂದು ಕೂಗಬೇಕೆನಿಸಿತು, ಆದರೆ ತೊಟ್ಟಿಲಲ್ಲಿ ಕೂಸುಗಳು ಮಲಗಿದ್ದವು. ಈ ಕೂಸುಗಳು ಹಗಲು ಇಲ್ಲಿ ಒಟ್ಟಿಗೆ ಮಲಗುತ್ತವೆ, ಒಂದರ ಮನೆಯ ಕೈ ಇನ್ನೊಂದಕ್ಕೆ ಬರುತ್ತದೆ. ಮನೆಗೆ ಹೋಗಿ ಅಪ್ಪ ಅಮ್ಮನ ಮಗ್ಗುಲಲ್ಲಿ ಮಲಗುತ್ತವೆ, ಅವರಿಗೆ ಕೊಡುತ್ತವೆ. ದೊಡ್ಡವರು ಅಗುಳಿ ಹಾಕಿಕೊಂಡು ಕಾಯುತ್ತಿದ್ದದ್ದನ್ನೆಲ್ಲ ಹಲ್ಲಿಲ್ಲದ ಈ ಪುಂಡರು ನಾಲ್ಕು ತಿಂಗಳಿನಿಂದ ಊರೆಲ್ಲ ಹಂಚುತ್ತಿದ್ದರು. ನಾಗವೇಣಿ ಎಲ್ಲೂ ಹೋಗಿ ಮಲಗಿರಲಿಲ್ಲ, ತನ್ನ ಮಗನ ಪಕ್ಕದಲ್ಲಿ ಮಲಗಿದ್ದಳು. ಉಳಿದವರು ಕೈಗೆ ಬಂದದ್ದನ್ನು ಹೆದರಿ ಅದುಮಿಟ್ಟಿದ್ದರೋ ಏನೋ, ಇವಳು ಮಾಡಿಬಿಟ್ಟಿದ್ದಳು, ಅಷ್ಟೇ. ಅವಳಿಗೆ ಇದನ್ನು ಹೇಳಿದೆ. ಅವಳು ಮಗನ ಒದ್ದೆ ಕೈಯನ್ನು ಸೆರಗಿನಿಂದ ಒರೆಸಿದಳು.

“ನಾಳೆ ನೀವ್ ಇದನ್ನ ಹೇಳಿದ್ರೆ ಅವ್ರು ತೊಟ್ಲು ಕಿತ್ತು ಬಿಸಾಕ್ತಾರೆ ಮಂದಕ್ಕ. ನನ್ ಹೆಸರು ಉಳಿತದೆ, ಕೂಸುಗಳು ಮತ್ತೆ ಧೂಳಲ್ಲಿ ಮಲಗ್ತವೆ.”

ಅವಳು ಹೇಳಿದ್ದು ನಿಜವಾಗಿತ್ತು. ಬರೀ ಹೇಳಿದರೆ ಸಾಲದು, ಬೋರಲಿಂಗಯ್ಯನಿಗೇ ಒಪ್ಪಿಗೆಯಾಗಬೇಕು. ನೆಟಿಗೆ ಮುರಿಯುತ್ತ ಯೋಚಿಸಿದೆ. ಬೋರಲಿಂಗಯ್ಯನ ಮೊಮ್ಮಗ ಅಜ್ಜನ ಎದೆಯ ಮೇಲೆ ಮಲಗುವವನು, ಬೀದಿಗೆಲ್ಲ ಗೊತ್ತು. ಮೇಸ್ತ್ರಿಯಾದ ಮೇಲೆ ಬೋರಲಿಂಗಯ್ಯ ಮಣ್ಣು ಮುಟ್ಟಿದ್ದೇ ಇಲ್ಲ, ಬರೀ ಬಾಯಲ್ಲೇ ಕೆಲಸ ಮಾಡಿಸುವುದು. ಹಾಗಾದರೆ ತನ್ನ ಕೈಯಲ್ಲೇನಿದೆ ಎಂದು ಅವನಿಗೆ ಹೇಗೆ ಗೊತ್ತಿರಬೇಕು?

ಮಾರನೆಯ ದಿನ ಭಟ್ಟಿಯ ಮುಂದಿನ ಬಯಲಲ್ಲಿ ವಿಚಾರಣೆ. ಮೂರೂ ಶೆಡ್ಡಿನವರು ಮೂರು ಗುಂಪಾಗಿ ನಿಂತರು, ನಾಗವೇಣಿ ಒಬ್ಬಳೇ. ನಾನು ಒಂದು ಹಲಗೆಯ ಮೇಜು ಹಾಕಿಸಿ, ಮೇಸ್ತ್ರಿಗಳನ್ನು ಅದರ ಮುಂದೆ ನಿಲ್ಲಿಸಿ, ಮೂವರ ಎದುರಿಗೂ ಒಂದೊಂದು ಹಸಿ ಮಣ್ಣಿನ ಮುದ್ದೆ ಇಟ್ಟೆ. ಯಾಕೆ ಎಂದು ಕೆಂಚವ್ವ ಕೇಳಿದಳು. ಸಾಕ್ಷಿಗೆ ಅಂದೆ. ಸಿಟ್ಟು ಬಂದ ಮನುಷ್ಯನ ಕೈ ಸುಮ್ಮನಿರುವುದಿಲ್ಲ, ಬೋರಲಿಂಗಯ್ಯನಿಗಿಂತ ಸಿಟ್ಟಿನ ಮನುಷ್ಯ ನಮ್ಮಲ್ಲಿಲ್ಲ. ನಾನು ಮಾಡಬೇಕಾದದ್ದು ಅವನನ್ನು ಚೆನ್ನಾಗಿ ರೇಗಿಸುವುದಷ್ಟೇ; ಆ ಕೆಲಸ ನನಗೆ ಕಷ್ಟವಲ್ಲ.

“ಬೋರಲಿಂಗಣ್ಣ, ನಿಮ್ ಅದ್ದು ಏನ್ ಮಹಾ? ಒಂದು ಬಾಣಂತಿ ನಿದ್ದೆಗಣ್ಣಲ್ಲಿ ಮಾಡ್ಬಿಟ್ಳು” ಅಂದೆ.

ಅವನು ಹಾರಿಬಿದ್ದ. “ಏನಂದ್ರಿ? ನಮ್ಮಪ್ಪ, ನಮ್ಮಪ್ಪನಪ್ಪ ಕಾಪಾಡ್ಕಂಡು ಬಂದಿದ್ದು ಅದು! ನೀರು ಯಾವ ಹದಕ್ಕೆ ಬರ್ಬೇಕು, ಜಾಡಿ ಎಷ್ಟು ಓರೆ ಇರ್ಬೇಕು, ಇವ್ಳಿಗೇನ್ ಗೊತ್ತು? ಕದ್ದವ್ಳೆ! ನಮ್ ಸೂರಿನಡಿ ಬಂದು ಕದ್ದವ್ಳೆ!” ಎಂದು ಕೂಗುತ್ತ ಕೂಗುತ್ತ ಅವನ ಕೈ ಮಣ್ಣಿನ ಮುದ್ದೆಯ ಮೇಲೆ ಬಿತ್ತು. ಬಾಯಿ ತನ್ನ ವಂಶದ ಹಿರಿಮೆ ಹೇಳುತ್ತಿತ್ತು, ಕೈ ಮಣ್ಣನ್ನು ಮಡಚಿತು, ತಿರುಗಿಸಿತು, ಅಂಗೈಯ ಬುಡದಿಂದ ಒತ್ತಿತು. ಮಡಚಿತು, ತಿರುಗಿಸಿತು, ಒತ್ತಿತು. ಕೆಳಗಿನ ಶೆಡ್ಡಿನವರ ಗುಂಪಿನಲ್ಲಿ ಗುಸುಗುಸು ಎದ್ದಿತು. ಹಲಗಪ್ಪ ಎರಡು ಹೆಜ್ಜೆ ಮುಂದೆ ಬಂದು, ಕಣ್ಣುಜ್ಜಿಕೊಂಡು ನೋಡಿದ.

“ಬೋರಣ್ಣ, ಸ್ವಲ್ಪ ನಿಲ್ಲಿ. ಅದು ನಮ್ ಕೈ ಅಲ್ವಾ?”

ಬೋರಲಿಂಗಯ್ಯ ಕೆಳಗೆ ನೋಡಿದ. ಅವನ ಎರಡು ಅಂಗೈಗಳ ನಡುವೆ ಗುಳ್ಳೆಯಿಲ್ಲದ, ಒಂದು ಗೆರೆಯಿಲ್ಲದ ಮಣ್ಣಿನ ಉಂಡೆ ಕೂತಿತ್ತು. ಮೇಲಿನ ಶೆಡ್ಡಿನವರು ಅಂಥದ್ದನ್ನು ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಅವನು ಕೈ ಹಿಂದಕ್ಕೆ ಎಳೆದುಕೊಂಡ. “ನಾನ್ ಎಲ್ಲೂ ಮಲಗಿಲ್ಲ. ಮಾದೇವನ ಆಣೆ, ನಾನ್ ಎಲ್ಲೂ ಮಲಗಿಲ್ಲ” ಎಂದ. ಆಗ ನಾಗವೇಣಿ ಮೇಜಿನ ಹತ್ತಿರ ಬಂದಳು.

“ನಾನೂ ಎಲ್ಲೂ ಮಲಗಿಲ್ಲ ಬೋರಣ್ಣ. ನಾನು ನನ್ ಮಗನ ಜೊತೆ ಮಲಗ್ದೆ. ನೀವು ನಿಮ್ ಮೊಮ್ಮಗನ ಜೊತೆ ಮಲಗಿದ್ರಿ.”

ಆಮೇಲೆ ಕೂಸಿನ ಮನೆಯ ವಿಷಯವನ್ನು ನಾನು ಎಲ್ಲರಿಗೂ ಬಿಡಿಸಿ ಹೇಳಿದೆ. ಕೆಂಚವ್ವ ಓಡಿ ಹೋಗಿ ತನ್ನ ಮಗಳ ಕೂಸನ್ನು ಎತ್ತಿಕೊಂಡು ಬಂದು, ಅದರ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಯಾರೋ ಹಿಂದಿನಿಂದ, ತೊಟ್ಟಿಲು ಬೇರೆ ಬೇರೆ ಮಾಡಿಸಿ, ಮೂರು ಗೋಡೆ ಹಾಕಿಸಿ ಎಂದು ಕೂಗಿದರು. ಸೂರು ಒಂದೇ ಇದ್ದ ಮೇಲೆ ಗೋಡೆ ಹಾಕಿ ಏನು ಪ್ರಯೋಜನ, ಮಂಕುದಿಣ್ಣೆಗಳು. ಹಾಗೆಂದು ಬೈಯಲು ಬಾಯಿ ತೆರೆದೆ. ಬೋರಲಿಂಗಯ್ಯ ಅಡ್ಡ ಬಂದ. ಅವನು ಇನ್ನೂ ಆ ಉಂಡೆಯನ್ನೇ ನೋಡುತ್ತಿದ್ದ.

“ನಲವತ್ತು ವರ್ಷ ನಮ್ ಜಾಡಿ ಭಟ್ಟೀಲಿ ಒಡೆಯೋದು ಕೇಳ್ಕಂಡು ಬಂದಿದೀನಿ. ಒಂದೊಂದು ಒಡೆದಾಗ್ಲೂ ಎದೆ ಧಸಕ್ ಅನ್ನೋದು. ಇದು ಒಡೆಯಲ್ಲ. ನೋಡಿ, ಇದು ಒಡೆಯಲ್ಲ” ಎಂದು ಉಂಡೆಯನ್ನು ಎತ್ತಿ ಹಿಡಿದ. ಆ ಮೀಸೆಯ ಮನುಷ್ಯನ ಕಣ್ಣಲ್ಲಿ ನೀರು ಬಂತು, ಅವನು ಅದನ್ನು ಮುಚ್ಚಿಡಲಿಲ್ಲ. ನಾಗವೇಣಿಯ ಕಡೆ ತಿರುಗಿ, “ತಪ್ಪಾಯ್ತು ಕಣವ್ವ” ಅಂದ.

“ತಪ್ಪಾಯ್ತು ಅನ್ನೋದು ಬ್ಯಾಡ. ಚಾಪೆ ತಗಂಡು ಬನ್ನಿ” ಅಂದಳು ನಾಗವೇಣಿ.

ಹೀಗೆ ಶುರುವಾಯಿತು. ಅಂದು ಮಧ್ಯಾಹ್ನ ಬೋರಲಿಂಗಯ್ಯ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಎಲ್ಲರ ಎದುರೇ ಕೂಸಿನ ಮನೆಗೆ ನಡೆದ. ಹಿಂದೆ ಹಲಗಪ್ಪ, ಅವನ ಹಿಂದೆ ಕೆಂಚವ್ವ, “ನನ್ ಗೊರಕೆಗೆ ಯಾರೂ ಬಯ್ಯಂಗಿಲ್ಲ” ಎಂದು ಮೊದಲೇ ಎಚ್ಚರಿಸುತ್ತ. ಈ ಸಲ ಯಾರೂ ದಡ್ಡರನ್ನು ಆರಿಸಿ ಕಳಿಸಲಿಲ್ಲ, ಎಲ್ಲರೂ ಬಂದರು. ಜಾಗ ಸಾಲದೆ ತೊಟ್ಟಿಲುಗಳ ಕೆಳಗೂ ಮಲಗಿದರು. ಚೌಡಮ್ಮ ಬೆತ್ತ ಹಿಡಿದು, ಗದ್ದಲ ಮಾಡಿದವರ ಕಾಲಿಗೆ ತಟ್ಟುತ್ತ ಓಡಾಡಿದಳು. ಮೊದಲ ದಿನ ಮೊದಲಿಗೆ ಯಾರಿಗೂ ನಿದ್ದೆ ಹತ್ತಲಿಲ್ಲ, ಎಲ್ಲರೂ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದರು. ಆಮೇಲೆ ಒಂದು ಕೂಸು ಅತ್ತಿತು, ಯಾರೋ ಜೋಗುಳ ಹಾಡಿದರು, ಅದು ಕೂಸಿಗಿಂತ ಮೊದಲು ದೊಡ್ಡವರನ್ನು ನಿದ್ದೆಗೆ ಕೆಡವಿತು.

ನಾನು ಬಾಗಿಲಲ್ಲಿ ನಿಂತಿದ್ದೆ. ಮ್ಯಾನೇಜರು ಒಂಟಿಯಾಗಿ ಮಲಗಬೇಕು, ಹೊಸ್ತಿಲು ದಾಟಬಾರದು. ನಾಗವೇಣಿ ಕಣ್ಣು ಬಿಡದೆಯೇ ಪಕ್ಕಕ್ಕೆ ಸರಿದು, ಚಾಪೆಯಲ್ಲಿ ಜಾಗ ಮಾಡಿ, ಅಂಗೈಯಿಂದ ಎರಡು ಸಲ ತಟ್ಟಿದಳು. ನಾನು ಹೋಗಿ ಮಲಗಿದೆ. ಎಷ್ಟು ಜನರ ಉಸಿರು! ಒಂದು ಪುಟ್ಟ ಕಾಲು ನನ್ನ ಕೆನ್ನೆಗೆ ಒದ್ದಿತು. ಹನ್ನೆರಡು ವರ್ಷದಲ್ಲಿ ಅಂಥ ನಿದ್ದೆ ಮಾಡಿರಲಿಲ್ಲ. ಎದ್ದಾಗ ನನ್ನ ಕೈ ಮಣ್ಣು ಬೇಕೆಂದು ತುಡಿಯುತ್ತಿತ್ತು.

ತೊಂದರೆಗಳೂ ಇದ್ದವು, ಇಲ್ಲವೆನ್ನಲಾರೆ. ಬೀಳಿಸುವುದು, ಮರೆಯುವುದು, ತೊಡೆ ಕೆರೆಯುವುದು ಒಂದು ವಾರ ಇಡೀ ಕಾರ್ಖಾನೆಗೆ ಹಬ್ಬಿ, ಅಷ್ಟು ಒಳ್ಳೆಯ ಕೈಗಳ ನಡುವೆ ತಾನಾಗಿ ಅಡಗಿತು. ನನ್ನಿಂದ ನೆಟಿಗೆ ಮುರಿಯುವುದು ಎಲ್ಲರಿಗೂ ಹೋಗಿ, ಕೆಲಸದ ನಡುವೆ ಲಟಲಟ ಸದ್ದು ಕೇಳಿದರೆ ಯಾರಿಗೋ ರೇಗಿದೆ ಎಂದು ತಿಳಿಯುವಂತಾಯಿತು. ಇನ್ನೊಂದು ನಿಜವಾದ ತೊಂದರೆ: ಕೈ ಬಂದರೂ ಯಾಕೆಂದು ತಿಳಿಯುತ್ತಿರಲಿಲ್ಲ. ಕೆಳಗಿನ ಶೆಡ್ಡಿನ ಬಾವಿಯ ನೀರು ಗಡಸು, ಅಲ್ಲಿ ಮೇಲಿನ ಶೆಡ್ಡಿನ ಅದ್ದು ಕೆಲವು ದಿನ ಕೈಕೊಟ್ಟಿತು. ಆಗ ಬೋರಲಿಂಗಯ್ಯ ತಾನಾಗಿ ಹೋಗಿ ಮೆರುಗಿನ ನೀರನ್ನು ಬೆರಳಿಗೆ ಹಚ್ಚಿ ನೋಡಿ, ಇಲ್ಲಿ ತುಸು ತೆಳ್ಳಗೆ ಕಲಸಿ, ಅರ್ಧ ಸುತ್ತಿನ ಬದಲು ಮುಕ್ಕಾಲು ಸುತ್ತು ತಿರುಗಿಸಿ ಎಂದು ಬಾಯಿಬಿಟ್ಟು ಹೇಳಿಕೊಟ್ಟ. ಬೇರೆ ಶೆಡ್ಡಿನ ಹೊಸ್ತಿಲಲ್ಲಿ ನಿಂತು ಒಬ್ಬ ಮೇಸ್ತ್ರಿ ತನ್ನ ಕೆಲಸದ ಗುಟ್ಟು ಹೇಳಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ನಿದ್ದೆಯಿಂದ ಎದ್ದ ಮೇಲೆ ಟೀ ಕುಡಿಯುತ್ತ ಹಾಗೆ ಮಾತಾಡುವುದೂ ನಮ್ಮ ಪದ್ಧತಿಯಾಯಿತು, ಯಾವ ಚಿತ್ರಪಟವೂ ಬೇಕಾಗಲಿಲ್ಲ.

ಮಾವಿನಕಾಯಿ ಮಾರುಕಟ್ಟೆಗೆ ಬಂದ ವಾರ ಯಜಮಾನರು ಬಂದರು, ಜೇಬಿನಲ್ಲಿ ಎರಡು ಹೊಸ ಬೀಗ. ಅವರ ಎದುರೇ ಭಟ್ಟಿ ಬಿಚ್ಚೋಣ ಎಂದು ಕಾದಿದ್ದೆವು. ಜಾಡಿಗಳನ್ನು ನಾನು ಬೇಕೆಂದೇ ಬೆರೆಸಿ ಜೋಡಿಸಿದ್ದೆ, ಗುರುತು ಹಾಕಿರಲಿಲ್ಲ. ಇಟ್ಟಿಗೆ ಒಂದೊಂದಾಗಿ ತೆಗೆದಂತೆ ಬಿಸಿ ಮುಖಕ್ಕೆ ಬಡಿಯಿತು. ಮೊದಲ ಸಾಲು ಹೊರಗೆ ಬಂತು, ಎರಡನೆಯದು, ಮೂರನೆಯದು. ಒಡಕು ತುಂಬಲು ತಂದಿಟ್ಟಿದ್ದ ಬುಟ್ಟಿಗಳು ಖಾಲಿ ಕೂತಿದ್ದವು. ಬಯಲು ತುಂಬ ಜಾಡಿಗಳು ಬಿಸಿಲಿನಲ್ಲಿ ಹೊಳೆಯುತ್ತ ನಿಂತವು.

ಯಜಮಾನರು ಬೀಗದ ಕೈಯಿಂದ ಒಂದನ್ನು ತಟ್ಟಿದರು. ಖಣ್ ಎಂದಿತು. ಇನ್ನೊಂದನ್ನು ತಟ್ಟಿದರು. ಕೊನೆಕೊನೆಗೆ ನಡೆಯುತ್ತ ತಟ್ಟುತ್ತ ಹೋದರು, ಅಷ್ಟುದ್ದಕ್ಕೂ ಅದೇ ನಾದ. ಒಂದರಲ್ಲಿ ನೀರು ತುಂಬಿಸಿ, ಮುಚ್ಚಳ ಹಾಕಿ, ತಲೆಕೆಳಗು ಮಾಡಿ ತಮ್ಮ ಬಿಳಿ ಪಂಚೆಯ ಮೇಲೆ ಹಿಡಿದರು. ಒಂದು ಹನಿ ಬೀಳಲಿಲ್ಲ. ಅವರ ಮುಖ ನೋಡಬೇಕಿತ್ತು.

“ಭೇಷ್! ಇದು ಜಾಡಿ ಅಂದ್ರೆ. ಯಾವ ಶೆಡ್ಡಿಂದು ಇದು?”

“ನಮ್ದು” ಎಂದ ಬೋರಲಿಂಗಯ್ಯ. “ನಮ್ದು” ಎಂದಳು ಕೆಂಚವ್ವ ಅದೇ ಉಸಿರಿನಲ್ಲಿ. “ನಮ್ದೇ” ಎಂದ ಹಲಗಪ್ಪ, ಕೆಮ್ಮದೆ.

“ತಮಾಷೆ ಬ್ಯಾಡ. ಮಂದಾಕಿನಿ, ಬೇರೆ ಬೇರೆ ಮಾಡಿಸು. ಒಳ್ಳೇದು ಯಾರದು ನೋಡ್ತೀನಿ.”

“ನೀವೇ ಆರಿಸಿ ಯಜಮಾನ್ರೇ. ನಂಗಾಗಲ್ಲ” ಎಂದೆ. ಸುಳ್ಳಲ್ಲ, ನಿಜವಾಗಿಯೂ ಆಗುತ್ತಿರಲಿಲ್ಲ. ಮೇಸ್ತ್ರಿಗಳಿಂದಲೂ ಆಗುತ್ತಿರಲಿಲ್ಲ. ಮಾಡಿದ ಕೈಗಳೇ ತಾವು ಮಾಡಿದ್ದು ಯಾವುದೆಂದು ಹುಡುಕಿ ಸೋತು ನಗುತ್ತಿದ್ದವು. ಯಜಮಾನರು ಸಾಲುಗಳ ನಡುವೆ ಹೋದರು, ಬಂದರು, ಒಂದನ್ನು ಎತ್ತಿದರು, ಅದರ ಪಕ್ಕದ್ದನ್ನು ಎತ್ತಿದರು, ಎರಡನ್ನೂ ಕೆಳಗಿಟ್ಟರು. ಬಿಸಿಲಿಗೆ ಬೆವರು ಸುರಿಯುತ್ತಿತ್ತು. ಕೊನೆಗೆ ಅವರು ಒಂದು ಜಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ಮೆರುಗಿನಲ್ಲಿ ಕಂಡ ತಮ್ಮ ಮುಖವನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು.

“ಅಲ್ಲಮ್ಮ, ಹಿಂಗಾದ್ರೆ ಪೇಟೆಯೋರು ಮುಗಿಬೀಳ್ತಾರೆ, ಈ ಒಂದು ಭಟ್ಟಿ ಮೂರು ಶೆಡ್ಡಿಗೆ ಎಲ್ಲಿ ಸಾಲ್ತದೆ? ಇನ್ನೊಂದು ಕಟ್ಟಿಸು” ಎಂದರು.

ಮೂರು ಶೆಡ್ಡಿಗೆ! ಅದು ಅವರ ಬಾಯಿಂದಲೇ ಬಂತು. ನಾನು ಮ್ಯಾನೇಜರೆಂಬ ಗಾಂಭೀರ್ಯವನ್ನೆಲ್ಲ ಬಿಟ್ಟು, ಗಂಟಲು ಹರಿಯುವಂತೆ ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಎಲ್ಲರೂ ಕೂಗುತ್ತಿದ್ದರು.